ನಾಲ್ವರ ಕೈಯಲ್ಲಿ ಗ್ರಹಣರಾಯ

ಓಬಳರಾಜು ಏಳು ಗ್ರಹಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟಿಕೆಟ್ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಅವನ ಡ್ರೈವರ್ ದೊಡ್ಡರಂಗಪ್ಪ ಐದು ವರ್ಷ ನಕ್ಕಿದ್ದಾನೆ. ಅದರ ಮುಂದೆ ನಿಮ್ಮದು ಯಾವ ನಗು.

ಓಬಳರಾಜು ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಆರು ಹತ್ತಕ್ಕೆ ವೈ.ಎನ್. ಹೊಸಕೋಟೆ ಬಿಟ್ಟರೆ ಪಾವಗಡ, ಮಧುಗಿರಿ, ಕೊರಟಗೆರೆ ದಾಟಿ ಹನ್ನೊಂದರ ಹೊತ್ತಿಗೆ ತೋವಿನಕೆರೆ. ಅಲ್ಲಿ ಎಂಟು ನಿಮಿಷ ನಿಂತು ಬಂದ ದಾರಿಯಲ್ಲೇ ವಾಪಸ್ಸು. ಐವತ್ತೊಂದು ವರ್ಷ ವಯಸ್ಸು, ಕಿವಿಯ ಮೇಲೆ ಒಂದು ಪೆನ್ನು, ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸೀಟಿ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದ ಮೇಲೆ ಇವನ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ಖಾಲಿ ಸೀಟಿನಲ್ಲಿ ಕೂತು ಓದುವುದು ಅವನಿಗೆ ಹಳೇ ಚಟ. ಜನ ಬಿಟ್ಟುಹೋದ ಪೇಪರು, ಪುಸ್ತಕ, ಏನು ಸಿಕ್ಕರೂ ಓದುತ್ತಿದ್ದ. ಒಂದು ಸಲ ಹದಿನಾಲ್ಕನೇ ಸೀಟಿನ ಕೆಳಗೆ ಒಂದು ಹರಿದ ಪುಸ್ತಕ ಸಿಕ್ಕಿತು. ಯಾರೋ ಬೇರೆ ಗ್ರಹಕ್ಕೆ ಹೋಗುವ ಕತೆ. ಕೊನೆಯ ಇಪ್ಪತ್ತು ಪುಟ ಇರಲಿಲ್ಲ. ಆ ಮನುಷ್ಯ ವಾಪಸ್ಸು ಬಂದನೋ ಇಲ್ಲವೋ ಅಂತ ಓಬಳರಾಜು ಇವತ್ತಿಗೂ ಒಮ್ಮೊಮ್ಮೆ ಯೋಚಿಸುತ್ತಾನೆ.

ಆ ಹುಚ್ಚೇ ಅವನನ್ನು ಐದು ವರ್ಷದ ಹಿಂದೆ ಒಂದು ಭಾನುವಾರ ಮಧುಗಿರಿಯ ಲೈಬ್ರರಿಗೆ ಎಳೆದುಕೊಂಡು ಹೋಗಿದ್ದು. ರಿಟೈರಾದ ವಿಜ್ಞಾನದ ಮೇಷ್ಟ್ರು ಮರುಳಸಿದ್ದಯ್ಯ ಅಲ್ಲಿ ವಿಜ್ಞಾನದ ಕತೆ ಬರೆಯುವುದನ್ನು ಹೇಳಿಕೊಡುವ ಒಂದು ದಿನದ ಶಿಬಿರ ಇಟ್ಟಿದ್ದರು. ಬೆಳಿಗ್ಗೆ ಅರವತ್ತು ಜನ ಇದ್ದರು. ಮಧ್ಯಾಹ್ನದ ಚಿತ್ರಾನ್ನ ಮೊಸರನ್ನ ಆದ ಮೇಲೆ ನೋಡಿದರೆ ಮೇಷ್ಟ್ರನ್ನೂ ಸೇರಿಸಿ ನಾಲ್ಕೇ ಜನ. ಒಬ್ಬ ಓಬಳರಾಜು. ಇನ್ನೊಬ್ಬರು ಶಿರಾದಲ್ಲಿ ಮಿಕ್ಸಿ, ಟೀವಿ ರಿಪೇರಿ ಮಾಡುವ ಅಹಮದ್ ಷರೀಫ್. ಇನ್ನೊಬ್ಬಳು ತೋವಿನಕೆರೆ ಬಸ್ ಸ್ಟಾಪಿನ ಎದುರಿಗೇ ಟೈಲರಿಂಗ್ ಅಂಗಡಿ ಇಟ್ಟಿರುವ ವನಜಾ. ನಾಲ್ಕು ತಾಲ್ಲೂಕಿಗೆ ಒಬ್ಬೊಬ್ಬರ ಹಾಗೆ ಉಳಿದಿದ್ದರು.

ಮೇಷ್ಟ್ರು ಎದೆಗುಂದುವ ಆಸಾಮಿಯಲ್ಲ. "ನಾಲ್ಕು ಜನ ಸಾಕು ಕಣ್ರಯ್ಯ, ಒಂದು ಬ್ರಹ್ಮಾಂಡಕ್ಕೆ," ಅಂದರು. ಅವತ್ತು ಸಂಜೆಯೊಳಗೆ ಕಪ್ಪು ಹಲಗೆಯ ಮೇಲೆ ಏಳು ಗ್ರಹ ಬರೆದು, ಒಂದೊಂದಕ್ಕೂ ಹೆಸರು, ಗಾಳಿ, ನೀರು, ದೂರ ಎಲ್ಲ ನಿಗದಿ ಮಾಡಿದರು. ನಾಯಕನನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಖಳನಾಯಕ ಮಾತ್ರ ನಾಲ್ವರಿಗೂ ಒಬ್ಬನೇ. ಅವನ ಹೆಸರು ಗ್ರಹಣರಾಯ. ಸೂರ್ಯನಿಗೇ ಅಡ್ಡ ನಿಂತು ಇಡೀ ಗ್ರಹದ ಬಿಸಿಲು ಕಿತ್ತುಕೊಳ್ಳುವವನು. ಒಂದೇ ನೋಟ್‌ಬುಕ್ಕು, ಹದಿನೈದು ದಿನಕ್ಕೆ ಒಬ್ಬರ ಸರದಿ. ಮೊಬೈಲಿನಲ್ಲಿ ಬರೆದು ಕಳಿಸುವಂತಿಲ್ಲ, ಕೈಬರಹವೇ ಆಗಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದು ಇತ್ತು. ಗ್ರಹಣರಾಯನನ್ನು ಹೊಡೆಯಬಹುದು, ಬಡಿಯಬಹುದು, ಜೈಲಿಗೆ ಹಾಕಬಹುದು, ಆದರೆ ಸಾಯಿಸುವಂತಿಲ್ಲ. ಬಾಡಿಗೆ ಸೈಕಲ್ ಹಿಂದಿರುಗಿಸಿದ ಹಾಗೆ, ಓಡುವ ಸ್ಥಿತಿಯಲ್ಲಿ ಮುಂದಿನವರಿಗೆ ಒಪ್ಪಿಸಬೇಕು.

ನೋಟ್‌ಬುಕ್ ಸಾಗಿಸುವ ಕೆಲಸ ತಾನಾಗಿಯೇ ಓಬಳರಾಜುವಿನ ತಲೆಗೆ ಬಂತು. ಅವನು ಬರೆದು ಮುಗಿಸಿ ತೋವಿನಕೆರೆಯಲ್ಲಿ ವನಜಾಗೆ ಕೊಡುತ್ತಿದ್ದ. ಅವಳು ಬರೆದದ್ದನ್ನು ವಾಪಸ್ಸು ತಂದು ಮಧುಗಿರಿ ಸ್ಟ್ಯಾಂಡಿನಲ್ಲಿ ಶಿರಾ ಬಸ್ಸಿನ ಕಂಡಕ್ಟರ್ ಕೈಗೆ. ಷರೀಫ್ ಸಾಬರು ಬರೆದು ಕಳಿಸಿದರೆ ಮೇಷ್ಟ್ರ ಮನೆಗೆ. ಮೇಷ್ಟ್ರದ್ದಾದ ಮೇಲೆ ಮತ್ತೆ ಇವನ ಕೈಗೆ. ದಾರಿಯಲ್ಲಿ ಎಲ್ಲರದ್ದನ್ನೂ ಮೊದಲು ಓದುವವನು ಇವನೇ. "ಏನ್ಲಾ ರಾಜು, ನಿನ್ ರಾಕ್ಷಸ ಇವತ್ತು ಯಾವೂರ್ಗೋದ?" ಅಂತ ದೊಡ್ಡರಂಗಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಕೇಳುತ್ತಿದ್ದ. ಕೇಳಿ ನಗುತ್ತಿದ್ದ. ಆಮೇಲೆ ಆಮೇಲೆ, ಮುಂದೇನಾಯಿತು ಹೇಳು ಅಂತ ಪೀಡಿಸತೊಡಗಿದ. ಅದು ಬೇರೆ ಮಾತು.

ಗ್ರಹಣರಾಯ ಒಬ್ಬನೇ ಅಂದೆನಲ್ಲ, ಎಲ್ಲಿಯ ಒಬ್ಬ. ನಾಲ್ಕು ಕೈಗೆ ಹೋದವನು ನಾಲ್ಕು ಜನ ಆಗಿಬಿಟ್ಟ.

ಮೇಷ್ಟ್ರ ಗ್ರಹಣರಾಯನಿಗೆ ಹಸಿವಿಲ್ಲ, ನಿದ್ದೆಯಿಲ್ಲ. ಮೊದಲನೇ ಕಂತಿನಲ್ಲೇ ತನ್ನ ಹೃದಯವನ್ನು ತಾನೇ ಕಿತ್ತು ಗಾಜಿನ ಜಾಡಿಯಲ್ಲಿ ಇಟ್ಟವನು. ಒಂದು ಗ್ರಹ ನಾಶ ಮಾಡುವ ಮುಂಚೆ ಅಲ್ಲಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾನೆ. ಬೆಳಕಿನ ವೇಗ ಎಷ್ಟು, ನೆರಳು ಯಾಕೆ ಬೀಳುತ್ತದೆ. ಸರಿಯುತ್ತರ ಹೇಳಿದವರನ್ನು ಬಿಟ್ಟುಬಿಡುತ್ತಾನೆ. ತಪ್ಪು ಹೇಳಿದವರಿಗೆ ಮೂರು ಪುಟ ಭಾಷಣ.

ಷರೀಫ್ ಸಾಬರ ಕೈಗೆ ಬಂದರೆ ಅದೇ ಗ್ರಹಣರಾಯ ಮಾತಿಗೊಮ್ಮೆ ಜನಾಬ್ ಅನ್ನುವ ಮೋಜುಗಾರ. ಅವನ ಕಬ್ಬಿಣದ ಬಲಗೈ ವಾರಕ್ಕೊಂದು ಸಲ ಕೆಟ್ಟು ನಿಲ್ಲುತ್ತದೆ. ಯುದ್ಧದ ಮಧ್ಯದಲ್ಲಿ ಕೂತು ಅದನ್ನು ಬಿಚ್ಚಿ, ಒರೆಸಿ, ಬೈದು, ಮತ್ತೆ ಜೋಡಿಸುತ್ತಾನೆ. ಯಾರನ್ನು ಬೇಕಾದರೂ ಕೊಂದಾನು, ಸ್ಕ್ರೂಡ್ರೈವರ್ ಹಿಡಿದವನ ತಂಟೆಗೆ ಹೋಗುವುದಿಲ್ಲ.

ಓಬಳರಾಜು ಬರೆದ ಗ್ರಹಣರಾಯ ಊರಿಗೆ ಊರನ್ನೇ ಸೆರೆಹಿಡಿದು ಹಡಗಿಗೆ ತುಂಬುವವನು. ಆದರೆ ತಲೆ ಎಣಿಸದೆ ಹಡಗು ಬಿಡುವುದಿಲ್ಲ. ಒಬ್ಬ ಮುದುಕ ಹಿಂದುಳಿದರೂ ಹಡಗು ನಿಲ್ಲಿಸಿ ಹತ್ತಿಸಿಕೊಳ್ಳುತ್ತಾನೆ. ನಡಿ ನಡಿ ಅನ್ನುವುದನ್ನು "ಪದ ಪದ" ಅಂತ ತೆಲುಗಿನಲ್ಲಿ ಗದರಿಸುತ್ತಾನೆ. ಏಳನೇ ಗ್ರಹದಲ್ಲಿ ತೆಲುಗು ಎಲ್ಲಿಂದ ಬಂತಯ್ಯ ಅಂತ ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದರು. ಪಾವಗಡದಿಂದ ಹೋಗಿದೆ ಸಾರ್ ಅಂತ ಇವನು ಕೆಳಗೆ ಬರೆದ.

ವನಜಾ ಬರೆದದ್ದೇ ಬೇರೆ. ಅವಳ ಗ್ರಹಣರಾಯ ಯುದ್ಧಕ್ಕೇ ಹೋಗುವುದಿಲ್ಲ. ಗೋಡೆಗೆ ಒರಗಿ, ಒಂಟಿಕಾಲಲ್ಲಿ ನಿಂತು, ಜೇಬಿನಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡು ಮನೆ ನೆನೆಸಿಕೊಳ್ಳುತ್ತಾನೆ. ಹಿಂದಿನ ಕಂತಿನಲ್ಲಿ ಎಡಗಾಲು ಮುರಿದಿದ್ದೆನಲ್ಲ, ಈಗ ನಿಂತಿರುವುದು ಯಾವ ಕಾಲಲ್ಲಿ ಅಂತ ಮೇಷ್ಟ್ರು ತಕರಾರು ತೆಗೆದರು. ಹೃದಯ ಜಾಡಿಯಲ್ಲಿದ್ದ ಮೇಲೆ ಅವನಿಗೆ ಮನೆ ನೆನಪು ಹೇಗೆ ಬರುತ್ತದೆ ಅಂತಲೂ ಕೇಳಿದರು. ಷರೀಫ್ ಸಾಬರು ಮುಂದಿನ ಕಂತಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಹೃದಯ ತಂದು ಕೂರಿಸಿ ಜಗಳ ಬಿಡಿಸಿದರು.

ಅವಳ ಎರಡನೇ ಸುತ್ತಿನ ಕಂತನ್ನು ಓಬಳರಾಜು ಕೊರಟಗೆರೆ ಸ್ಟ್ಯಾಂಡಿನಲ್ಲಿ ಟೀ ಹಿಡಿದುಕೊಂಡು ಓದಿದ. ಅದರ ಕೊನೆ ಹೀಗಿತ್ತು: "ಗ್ರಹಣರಾಯ ವೇಷ ಮರೆಸಿಕೊಂಡು ಆ ಸಣ್ಣ ಗ್ರಹಕ್ಕೆ ಬಂದ. ಬೇವಿನ ಮರದ ಮನೆ. ಬಾಗಿಲು ಮುಚ್ಚಿತ್ತು. ಎರಡು ಸಲ ಸಿಳ್ಳೆ ಹಾಕಿದ. ಒಳಗೆ ಯಾರೋ ಓಡಾಡಿದ ಸದ್ದು ಕೇಳಿಸಿತು. ಬಾಗಿಲು ತೆಗೆಯಲಿಲ್ಲ. ಹೊರಟುಹೋದ."

ಓಬಳರಾಜುವಿನ ಟೀ ಆರಿಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಸಿಳ್ಳೆ ಅಂದರೆ ಸಿಳ್ಳೆ ಅಂದುಕೊಂಡು ಪುಟ ತಿರುಗಿಸುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಸೀಟಿ ಊದಿ ಅನ್ನ ತಿಂದವನ ಕಿವಿಗೆ ಅದು ಬೇರೆಯೇ ಕೇಳಿಸಿತು. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ದಿನಾ ಹನ್ನೊಂದು ಎಂಟಕ್ಕೆ ಅವಳ ಅಂಗಡಿಯ ಎದುರಿಗೆ ನಿಂತು ಎರಡು ಊದಿ ಹೊರಟುಹೋಗುವವನು ಇನ್ಯಾರು? ಅವಳ ಅಂಗಡಿಯ ಹಿಂದೆಯೇ ಅವಳ ಮನೆ, ಮನೆಯ ಮುಂದೆ ಬೇವಿನ ಮರ. ಇವನು ಸೀಟಿ ಊದಿದಾಗಲೆಲ್ಲ ಅವಳು ಮಿಷನ್ನಿನ ಮೇಲಿಂದ ತಲೆ ಎತ್ತಿ ನೋಡುತ್ತಿದ್ದಳು. ಒಂದು ದಿನ ತಪ್ಪಿದ್ದಿಲ್ಲ. ಅದನ್ನು ಅವನು ಮೊದಲೂ ಕಂಡಿದ್ದ, ಈಗ ಅದಕ್ಕೊಂದು ಅರ್ಥ ಸಿಕ್ಕಿತು.

ಬಡ್ಡೀಮಗನ ಆಸೆ ನೋಡಿ. ಅವಳು ಮೇಷ್ಟ್ರನ್ನು ಸಾರ್ ಅನ್ನುತ್ತಿದ್ದಳು, ಷರೀಫ್ ಸಾಬರನ್ನು ಅಣ್ಣ ಅನ್ನುತ್ತಿದ್ದಳು, ದೊಡ್ಡರಂಗಪ್ಪನನ್ನೂ ಅಣ್ಣ ಅನ್ನುತ್ತಿದ್ದಳು. ಇವನನ್ನು ಮಾತ್ರ ಕಂಡಕ್ಟ್ರೇ ಅನ್ನುತ್ತಿದ್ದಳು. ಅಷ್ಟರ ಮೇಲೆ ಅವನು ಒಂದು ಅರಮನೆ ಕಟ್ಟಿಕೊಂಡ. ವನಜಾ ಮದುವೆಯಾದ ಎರಡೇ ವರ್ಷಕ್ಕೆ ಕುಡುಕ ಗಂಡನನ್ನು ಬಿಟ್ಟು ತಾಯಿಯ ಮನೆಗೆ ಬಂದವಳು, ತಾಯಿ ತೀರಿದ ಮೇಲೆ ಒಬ್ಬಳೇ ಇರುವವಳು ಅಂತ ಊರಿನವರ ಬಾಯಲ್ಲಿ ಕೇಳಿದ್ದ. ಅವಳಿಗೆ ನಲವತ್ತೇಳು. ಬಾಯಿಬಿಟ್ಟು ಕೇಳುವ ವಯಸ್ಸು ಇಬ್ಬರಿಗೂ ಮೀರಿತ್ತು. ಕತೆಯಲ್ಲಿ ಕೇಳಿದರೆ ತಪ್ಪೇನು?

ತನ್ನ ಸರದಿ ಬಂದಾಗ ಅವನು ಬರೆದ: "ಗ್ರಹಣರಾಯ ಹಡಗು ಹತ್ತುವ ಮುಂಚೆ ತಿರುಗಿ ನೋಡಿದ. ಇನ್ನೊಂದು ಗಳಿಗೆ ನಿಲ್ಲಬೇಕಾಗಿತ್ತು. ಮುಂದಿನ ಸಲ ನಿಲ್ಲುತ್ತೇನೆ ಅಂದುಕೊಂಡ."

ನೋಟ್‌ಬುಕ್ಕನ್ನು ಅವಳ ಕೈಗೆ ಕೊಡುವಾಗ ಬೆವರಿದ್ದ. ಹದಿನೈದು ದಿನ ಬಿಟ್ಟು ಅವಳ ಉತ್ತರ ಬಂತು: "ಈ ಸಲ ಅವನು ನಿಂತ. ಕಿಟಕಿಯಲ್ಲಿ ಒಂದು ನೆರಳು ಕಂಡಿತು. ನೆರಳು ಅತ್ತಂತಿತ್ತು."

ಓಬಳರಾಜು ಅವತ್ತು ಮೂರು ಜನಕ್ಕೆ ಟಿಕೆಟ್ ಕೊಡುವುದನ್ನೇ ಮರೆತ. ಅಲ್ಲಿಂದ ಶುರುವಾಯಿತು ನೋಡಿ, ನಾಲ್ಕು ವರ್ಷ. ಅವಳ ಕಂತಿಗೂ ಇವನ ಕಂತಿಗೂ ನಡುವೆ ಷರೀಫ್ ಸಾಬರು, ಮೇಷ್ಟ್ರು ಕೂತಿದ್ದರು. ಅವಳು ಗ್ರಹಣರಾಯನನ್ನು ಬಾಗಿಲ ಹತ್ತಿರ ನಿಲ್ಲಿಸಿ ಕಳಿಸಿದರೆ ಸಾಬರು ಅವನನ್ನು ಎತ್ತಿಕೊಂಡು ಹೋಗಿ ಯಂತ್ರದ ಆನೆಗಳ ಜೊತೆ ಕಾದಾಡಿಸುತ್ತಿದ್ದರು. ಮೇಷ್ಟ್ರು ಎರಡು ಚಂದ್ರರನ್ನು ಒಡೆಸಿ ಗುರುತ್ವಾಕರ್ಷಣೆಯ ಪಾಠ ಹೇಳಿಸುತ್ತಿದ್ದರು. ಇವನು ಆ ಧೂಳೆಲ್ಲ ಕೊಡವಿ, ಗ್ರಹಣರಾಯನನ್ನು ಕೋಟಿ ಮೈಲಿ ವಾಪಸ್ಸು ಕರೆತಂದು, ಮತ್ತೆ ಅದೇ ಬೇವಿನ ಮರದ ಕೆಳಗೆ ನಿಲ್ಲಿಸಬೇಕಾಗಿತ್ತು. ಎಷ್ಟೇ ದೂರ ಹೋದರೂ ನಿಲ್ಲಿಸಿದ. "ಅವನಿಗೆ ಕೋಪವಿಲ್ಲ," ಅಂತ ಒಂದು ಸಲ ಬರೆದ. "ಕೋಪ ಯಾಕಿಲ್ಲ?" ಅಂತ ಅವಳ ಕಂತಿನ ಹೆಂಗಸು ಕಿಟಕಿಯಿಂದ ಕೇಳಿದಳು. "ಬಾಗಿಲಾಚೆ ಇರುವವಳು ಯಾರೂಂತ ಗೊತ್ತಿರೋದ್ರಿಂದ," ಅಂತ ಇವನ ಗ್ರಹಣರಾಯ ಹೇಳಿದ.

ತೋವಿನಕೆರೆಯ ಎಂಟು ನಿಮಿಷ ಹತ್ತು ಆಯಿತು. "ಯಾಕ್ಲಾ ಲೇಟು?" ಅಂದರೆ, "ಇರಣ್ಣ, ಒಂದು ಪಾರ್ಟಿ ಬತ್ತೀನಿ ಅಂದವ್ರೆ," ಅನ್ನುತ್ತಿದ್ದ. ಯಾವ ಪಾರ್ಟಿಯೂ ಬರುತ್ತಿರಲಿಲ್ಲ. ದೊಡ್ಡರಂಗಪ್ಪ ಕನ್ನಡಿಯಲ್ಲಿ ಟೈಲರ್ ಅಂಗಡಿಯ ಕಡೆ ನೋಡಿ, ಸುಮ್ಮನೆ ಒಂದು ಬೀಡಿ ಹಚ್ಚುತ್ತಿದ್ದ.

ಮೊನ್ನೆ ಯುಗಾದಿ ಕಳೆದ ಮೇಲೆ ಮೂರನೇ ನೋಟ್‌ಬುಕ್ಕೂ ತುಂಬುವ ಹೊತ್ತಿಗೆ ಮೇಷ್ಟ್ರು ಎಲ್ಲರಿಗೂ ಹೇಳಿಕಳಿಸಿದರು. ತುಮಕೂರಿನಲ್ಲಿ ಒಬ್ಬರು ಪುಸ್ತಕ ಅಚ್ಚು ಹಾಕಿಸುತ್ತೇನೆ ಅಂದಿದ್ದಾರೆ, ಆದರೆ ಕೊನೆಯಿಲ್ಲದ ಕತೆ ಅವರಿಗೆ ಬೇಡವಂತೆ. ಭಾನುವಾರ ಮಧುಗಿರಿಯ ತಮ್ಮ ಮನೆಯಲ್ಲಿ ನಾಲ್ವರೂ ಸೇರಿ ಗ್ರಹಣರಾಯನ ಸಾವು ತೀರ್ಮಾನ ಮಾಡೋಣ ಅಂತ.

ಓಬಳರಾಜು ಲೆಕ್ಕ ಹಾಕಿದ. ಕತೆ ನಿಂತರೆ ಮಾತೂ ನಿಂತಂತೆ. ನಾಲ್ಕು ವರ್ಷ ಬಾಗಿಲ ಹತ್ತಿರ ನಿಂತದ್ದು ಸಾಕು, ಈಗ ಬಾಗಿಲು ತೆಗೆಯಬೇಕು ಅಂತ ಗಟ್ಟಿ ಮನಸ್ಸು ಮಾಡಿದ. ಕೊನೆಯ ಕಂತಿನ ಸರದಿ ಹೇಗೂ ತನ್ನದೇ. ಗ್ರಹಣರಾಯ ಸಾಯುವುದು ಬೇಡ, ಆ ಮನೆಗೆ ಹೋಗಿ ಸೇರಿಕೊಳ್ಳಲಿ ಅಂತ ಎಲ್ಲರ ಮುಂದೆ ಹೇಳುವುದು. ಅವಳ ಮುಖ ನೋಡುವುದು. ಮುಖದಲ್ಲಿ ಹೂಂ ಅಂತ ಕಂಡರೆ, ವಾಪಸ್ಸು ಬರುವಾಗ ಸ್ಟ್ಯಾಂಡಿನಲ್ಲಿ ಕತೆ ಬಿಟ್ಟು ನೇರವಾಗಿ ಮಾತಾಡುವುದು. ಶನಿವಾರ ಕ್ಷೌರ ಮಾಡಿಸಿಕೊಂಡು, ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸಿ, ಹೊಸ ಚಪ್ಪಲಿ ತಂದ. ಚಪ್ಪಲಿ ಕಚ್ಚುತ್ತಿತ್ತು. ಆದರೂ ಅದನ್ನೇ ಹಾಕಿಕೊಂಡು ಹೋದ.

ಮೇಷ್ಟ್ರ ಮನೆ ಬೆಟ್ಟದ ಬುಡದಲ್ಲಿ. ಹಜಾರದಲ್ಲಿ ಚಾಪೆ ಹಾಕಿ, ನಡುವೆ ಮೂರು ನೋಟ್‌ಬುಕ್ ಇಟ್ಟಿದ್ದರು. ಉಪ್ಪಿಟ್ಟು, ಕಾಫಿ ಆಯಿತು. ಮೇಷ್ಟ್ರು ಕನ್ನಡಕ ಏರಿಸಿ ಶುರುಮಾಡಿದರು. ಗ್ರಹಣರಾಯ ಕಪ್ಪುರಂಧ್ರಕ್ಕೆ ಬೀಳಬೇಕು, ಅದೇ ಶಾಸ್ತ್ರೋಕ್ತವಾದ ಸಾವು, ಬೀಳುವಾಗ ಕಾಲ ಹೇಗೆ ನಿಧಾನವಾಗುತ್ತದೆ ಅಂತ ಎರಡು ಪುಟ ಬರೆಯಬಹುದು ಅಂದರು. ಷರೀಫ್ ಸಾಬರು ಒಪ್ಪಲಿಲ್ಲ. "ಅರೆ ಮೇಷ್ಟ್ರೇ, ಅಷ್ಟ್ ದೊಡ್ ಗುಂಡಿಗೆ ಯಾಕ್ ಹಾಕ್ತೀರಿ. ಬ್ಯಾಟರಿ ಮುಗೀಲಿ. ಸುಮ್ನೆ ಕೂತಲ್ಲೇ ಕೈ ನಿಂತೋಗ್ಲಿ. ಮರ್ಯಾದೆ ಸಾವು," ಅಂದರು.

ಓಬಳರಾಜು ಗಂಟಲು ಸರಿಮಾಡಿಕೊಂಡ. ಬಾಯಿ ತೆರೆಯುವಷ್ಟರಲ್ಲಿ ವನಜಾ ಮಾತಾಡಿದಳು.

"ಅವನನ್ನ ಸಾಯಿಸ್ಬೇಡಿ ಸಾರ್," ಅಂದಳು. "ಅವನು ನನ್ ತಮ್ಮ."

ಯಾರಿಗೂ ಅರ್ಥವಾಗಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ನೋಟ್‌ಬುಕ್ಕಿನ ಕಡೆಗೇ ನೋಡಿಕೊಂಡು ಹೇಳಿದಳು. ತಮ್ಮನ ಹೆಸರು ಪ್ರಸನ್ನ ಕುಮಾರ್. ಲಾರಿಯಲ್ಲಿ ಕ್ಲೀನರ್ ಆಗಿದ್ದ. ಒಂಟಿಕಾಲಲ್ಲಿ ಒರಗಿ ನಿಲ್ಲುವುದು, ಜೇಬಿನಲ್ಲಿ ಬೆಲ್ಲ ಇಟ್ಟುಕೊಳ್ಳುವುದು, ಎಲ್ಲ ಅವನದೇ. ಲೋಡು ಇಳಿಸಿ ಈ ಕಡೆ ಬಂದಾಗ ಬೇವಿನ ಮರದ ಕೆಳಗಿನಿಂದ ಎರಡು ಬೆರಳಿಟ್ಟು ಎರಡು ಸಿಳ್ಳೆ ಹಾಕುತ್ತಿದ್ದ. ಅಕ್ಕ, ಕಾಫಿಗಿಡು ಅಂತ ಅದರ ಅರ್ಥ.

"ಅಮ್ಮ ಹೋದಾಗ ಅವನು ಎಲ್ಲೋ ಗುಜರಾತ್ ಕಡೆ ಇದ್ದ. ಮಣ್ಣಿಗೆ ಸಿಗ್ಲಿಲ್ಲ, ತಿಥಿಗೂ ಸಿಗ್ಲಿಲ್ಲ. ಒಂದ್ ತಿಂಗ್ಳು ಬಿಟ್ಟು ಬಂದ. ಮರದ ಕೆಳ್ಗೆ ನಿಂತು ಎರಡ್ ಸಲ ಸಿಳ್ಳೆ ಹಾಕ್ದ. ನಾನು ರಾಗಿ ಹಿಟ್ಟು ಕಲಸ್ತಿದ್ದೆ. ಕೇಳಿಸ್ತು. ಕೋಪ ಇತ್ತು ಸಾರ್. ಮೂರ್ನೇ ಸಲ ಹಾಕ್ಲಿ, ಆಮೇಲ್ ತೆಗಿಯಾನ ಅಂದ್ಕೊಂಡೆ. ಹಾಕ್ಲೇ ಇಲ್ಲ. ಲಾರಿ ಸ್ಟಾರ್ಟ್ ಆಯ್ತು. ಕೈ ತೊಳ್ಕೊಂಡು ಬರೋಷ್ಟ್ರಲ್ಲಿ ರಸ್ತೇಲಿ ಬರೀ ಧೂಳು. ಹದ್ನೆಂಟ್ ವರ್ಷ ಆಯ್ತು, ಅವನ ಸುದ್ದೀನೇ ಇಲ್ಲ."

ಆಮೇಲೆ ಓಬಳರಾಜುವಿನ ಕಡೆ ತಿರುಗಿದಳು. ಐದು ವರ್ಷದಲ್ಲಿ ಅವಳು ಅವನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಕಂಡಕ್ಟ್ರೇ, ನೀವ್ ಬರೆದಿದ್ ಓದ್ವಾಗೆಲ್ಲ ಅವನೇ ಎಲ್ಲಿಂದ್ಲೋ ಉತ್ರ ಬರ್ದಂಗಾಗದು ನಂಗೆ. ಕೋಪ ಇಲ್ಲ ಅಂದ್ರಲ್ಲ, ಅವತ್ತು ನಾನು ಅಂಗಡಿ ಬಾಗ್ಲು ಹಾಕ್ಕೊಂಡು ಅತ್ತೆ. ನೀವು ದಿನಾ ಎರಡ್ ಸೀಟಿ ಊದ್ತೀರಲ್ಲ, ಈಗ್ಲೂ ಎದೆ ಜಗ್ಗುತ್ತೆ. ಅವನಲ್ಲ ಅಂತ ಗೊತ್ತು. ಆದ್ರೂ ತಲೆ ಎತ್ತಿ ನೋಡ್ಬುಡ್ತೀನಿ."

ಓಬಳರಾಜು ತನ್ನ ಇಸ್ತ್ರಿ ಶರ್ಟನ್ನೇ ನೋಡಿಕೊಂಡ. ಅವಳು ನೋಡುತ್ತಿದ್ದದ್ದು ನಿಜ, ಉತ್ತರ ಬರೆಯುತ್ತಿದ್ದದ್ದು ನಿಜ. ಆದರೆ ಅದು ಅವನ ಕಡೆಗಲ್ಲ. ಬೇರೆಯವರಿಗೆ ಬಂದ ಕಾಗದವನ್ನು ನಾಲ್ಕು ವರ್ಷ ತನ್ನದೆಂದು ಬಿಚ್ಚಿ ಓದಿ, ಉತ್ತರವನ್ನೂ ಬರೆದಂತಾಗಿತ್ತು. ನಾಚಿಕೆಯಲ್ಲಿ ಕಿವಿ ಬಿಸಿಯಾಯಿತು. ಅದರ ಹಿಂದೆಯೇ, ಯಾರಿಗೂ ಹೇಳಲಾಗದ ಒಂದು ನೋವು ಬಂದು ಕೂತಿತು.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಷರೀಫ್ ಸಾಬರು, "ಬೆಹನ್, ಇಷ್ಟ್ ದಿನ ಒಂದ್ ಮಾತು ಹೇಳ್ಬಾರ್ದಾ," ಅಂತಷ್ಟೇ ಅಂದರು. ಕೊನೆಗೆ ಮೇಷ್ಟ್ರು ಮೂರೂ ನೋಟ್‌ಬುಕ್ಕನ್ನು ಓಬಳರಾಜುವಿನ ಮುಂದಕ್ಕೆ ತಳ್ಳಿದರು. "ಸರದಿ ನಿನ್ನದು. ಸಾಯಿಸೋದು ಬೇಡ. ಹೇಗೋ ಮುಗಿಸು. ನಾನು ಕೆಂಪು ಶಾಯಿ ಮುಟ್ಟೋದಿಲ್ಲ."

ಸ್ಟ್ಯಾಂಡಿನಲ್ಲಿ ಅವಳು ಕೊರಟಗೆರೆ ಮೇಲೆ ಹೋಗುವ ತುಮಕೂರು ಬಸ್ಸು ಹತ್ತಿದಳು. ಅವನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಪಾವಗಡದ ಬಸ್ಸಿಗೆ ಕಾದ.

ಮುಂದಿನ ಹದಿನೈದು ದಿನ ಅವನು ಪಟ್ಟ ಪಾಡು ಯಾರಿಗೂ ಬೇಡ. ಬೆಳಿಗ್ಗೆ ಐದೂವರೆಗೇ ಬಂದು, ಹೊಸಕೋಟೆಯಲ್ಲಿ ನಿಂತ ಬಸ್ಸಿನೊಳಗೆ ಹದಿನಾಲ್ಕನೇ ಸೀಟಿನಲ್ಲಿ ಕೂತು ಮೂರೂ ನೋಟ್‌ಬುಕ್ ಮೊದಲಿನಿಂದ ಓದಿದ. ಈಗ ಓದಿದರೆ ಎಲ್ಲ ಬೇರೆಯಾಗಿ ಕಂಡಿತು. ಮೇಷ್ಟ್ರ ಗ್ರಹಣರಾಯ ಅಷ್ಟೊಂದು ಪ್ರಶ್ನೆ ಕೇಳುತ್ತಿದ್ದದ್ದು ಯಾಕೆ? ರಿಟೈರಾದ ಮೇಲೆ ಮೇಷ್ಟ್ರಿಗೆ ಪ್ರಶ್ನೆ ಕೇಳಲು ಎದುರಿಗೆ ಒಂದು ಮಗುವೂ ಇಲ್ಲ. ಸಾಬರ ಗ್ರಹಣರಾಯ ಕೆಟ್ಟ ಕೈಯನ್ನು ಎಸೆಯದೆ ಮತ್ತೆ ಮತ್ತೆ ಜೋಡಿಸುತ್ತಿದ್ದ. ಈಗ ಮಿಕ್ಸಿ ಕೆಟ್ಟರೆ ಜನ ಹೊಸದು ತರುತ್ತಾರೆ, ಸಾಬರ ಅಂಗಡಿಯ ಮುಂದೆ ನೊಣ. ತನ್ನ ಗ್ರಹಣರಾಯ ಒಬ್ಬರನ್ನೂ ಹಿಂದೆ ಬಿಡದೆ ತಲೆ ಎಣಿಸುತ್ತಿದ್ದದ್ದು ಯಾಕೆಂದು ಅವನಿಗೆ ಗೊತ್ತಿತ್ತು. ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಡ್ಯೂಟಿಗೆ ಬಂದ ದಿನವೇ ಅವಳು ಹೋಗಿದ್ದು. ನಾಲ್ವರೂ ಕೆಟ್ಟವನೊಬ್ಬನ ಕತೆ ಬರೆಯುತ್ತೇವೆ ಅಂದುಕೊಂಡು, ತಮಗೆ ಇಲ್ಲದ್ದನ್ನೆಲ್ಲ ಅವನ ಜೇಬಿಗೆ ತುಂಬಿದ್ದರು.

ಬರೆಯುವುದು ಏನು? ಗ್ರಹಣರಾಯ ಮನೆಗೆ ಬಂದ, ಬಾಗಿಲು ತೆಗೆಯಿತು ಅಂತ ಬರೆಯಲು ಎಷ್ಟು ಹೊತ್ತು. ಕೈ ಬರಲಿಲ್ಲ. ಬಾರದ ಬಸ್ಸನ್ನು ಈಗ ಬರುತ್ತದೆ ಕೂತಿರಿ ಅಂತ ಅವನು ಇಪ್ಪತ್ತಾರು ವರ್ಷದಲ್ಲಿ ಒಬ್ಬ ಪ್ಯಾಸೆಂಜರಿಗೂ ಹೇಳಿದವನಲ್ಲ. ಬರುವುದೇ ಇಲ್ಲ ಅಂತ ಬರೆಯೋಣ ಅಂದರೆ ಅವಳು ಸೆರಗು ಸುತ್ತುತ್ತಿದ್ದ ಬೆರಳು ಕಣ್ಣಿಗೆ ಬರುತ್ತಿತ್ತು. ನಡುನಡುವೆ, ಹೊಟ್ಟೆಯುರಿಯಿಂದ, ಕಪ್ಪುರಂಧ್ರಕ್ಕೇ ಹಾಕಿಬಿಡಲೇ ಅಂತಲೂ ಅನ್ನಿಸಿತು. ಸುಳ್ಳು ಯಾಕೆ ಹೇಳಬೇಕು, ಅನ್ನಿಸಿತು. ಅವನೂ ಮನುಷ್ಯನೇ.

ಹದಿಮೂರನೇ ದಿನ ಬರೆದ. ಬರೀ ಒಂದೂವರೆ ಪುಟ.

"ಏಳನೇ ಗ್ರಹವೂ ಹಿಂದಾಯಿತು. ಹಡಗಿನಲ್ಲಿ ಜೊತೆಗಿದ್ದವನು ಕೇಳಿದ, ಅವತ್ತು ಮೂರನೇ ಸಲ ಯಾಕೆ ಸಿಳ್ಳೆ ಹಾಕಲಿಲ್ಲ? ಗ್ರಹಣರಾಯ ಹೇಳಿದ, ಒಳಗೆ ಬಳೆ ಸದ್ದು ಕೇಳಿಸಿತು. ಅಕ್ಕ ಇದ್ದಾಳೆ, ಕೇಳಿಸಿಕೊಂಡಳು ಅಂತ ಗೊತ್ತಾಯಿತು. ಅಕ್ಕನ ಕೋಪ ಒಂದು ದಿನದ್ದು. ಮುಂದಿನ ಲೋಡಿಗೆ ಬಂದಾಗ ಕಾಫಿ ಸಿಗುತ್ತದೆ ಅಂದುಕೊಂಡು ಹೊರಟೆ. ದಾರಿ ಎತ್ತಲೋ ಹೋಯಿತು. ಬಾಗಿಲು ಮುಚ್ಚಿತ್ತು ಅಂತ ನಾನು ಒಂದು ದಿನವೂ ಅಂದುಕೊಂಡಿಲ್ಲ. ಗ್ರಹಣರಾಯ ಜೇಬಿನಿಂದ ಬೆಲ್ಲ ತೆಗೆದು ಅವನಿಗೂ ಒಂದು ಚೂರು ಕೊಟ್ಟ. ಹಡಗು ಮುಂದಕ್ಕೆ ಹೋಯಿತು."

ಅದರಲ್ಲಿ ಬೇವಿನ ಮರದ ಕೆಳಗೆ ನಿಲ್ಲುವ ಕಂಡಕ್ಟರ್ ಎಲ್ಲೂ ಇರಲಿಲ್ಲ. ಹುಡುಕಿ ಹುಡುಕಿ ಹೊಡೆದು ಹಾಕಿದ್ದ.

ಸೋಮವಾರ ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟ. "ಆಯ್ತಾ ಕಂಡಕ್ಟ್ರೇ?" ಅಂದಳು. "ಆಯ್ತು ವನಜಮ್ನೋರೆ. ಇಷ್ಟೇ ಬಂದಿದ್ದು," ಅಂದ. ಮಂಗಳವಾರ ಅಂಗಡಿಗೆ ಬಾಗಿಲು ಹಾಕಿತ್ತು. ಅವತ್ತು ಅವನು ಸೀಟಿ ಊದಲಿಲ್ಲ. ಊದಿದರೆ ಆ ಹೆಂಗಸಿನ ಎದೆ ಜಗ್ಗುತ್ತದೆ ಅಂತ ಗೊತ್ತಾದ ಮೇಲೆ ಹೇಗೆ ಊದುವುದು. ಬಸ್ಸಿನ ಮೈಯನ್ನು ಕೈಯಿಂದ ತಟ್ಟಿ, "ಹೋಗಣ್ಣ," ಅಂದ. ದೊಡ್ಡರಂಗಪ್ಪ ಕನ್ನಡಿಯಲ್ಲಿ ನೋಡಿ ಗೇರು ಹಾಕಿದ.

ಬುಧವಾರವೂ ಬಾಗಿಲು ಮುಚ್ಚಿತ್ತು; ಓದಿ, ಒಳಗೆ ಕೂತು ಅಳುತ್ತಿರಬೇಕು ಅಂದುಕೊಂಡ. ಅಂಗಡಿಯ ಸಂದಿನಿಂದ ಹಿಂದಿನ ಬೇವಿನ ಮರ ಜೊಂಪೆಯಾಗಿ ಕಾಣುತ್ತಿತ್ತು. ಅವತ್ತೂ ಅವನು ಸೀಟಿ ಮುಟ್ಟದೆ ಬಸ್ಸಿನ ಮೈ ತಟ್ಟಿದ.